ನೇರಳೆಯ ಮೂಡಣ ಹುತ್ತ

ಫಾಲ್ಗುಣ ಮುಗಿದು ಚೈತ್ರ ಕಾಲಿಡುವ ಹತ್ತು ಹದಿನೈದು ದಿನಗಳಲ್ಲಿ, ಮಾವಿನ ಹೂವು ಮಿಡಿಗಟ್ಟಿ, ಮುತ್ತುಗದ ಕೆಂಪು ನೆಲಕ್ಕಿಳಿದು, ಹೊಂಗೆಯು ಇನ್ನೂ ಎಳೆಚಿಗುರಿನಲ್ಲಿಯೇ ಇರುವಾಗ, ನಮ್ಮ ತೋಟದ ಕೆಳ ಅಂಚಿನ ಹಳೆಯ ನೇರಳೆ ಮರ ಹೂವಿಗೆ ಬರುತ್ತದೆ. ದೂರದಿಂದ ನೋಡಿದವರಿಗೆ ಅದು ಹೂಬಿಟ್ಟ ಮರವೆಂದು ತೋರಲಾರದು. ಹಸುರು ಬೆರೆತ ಬಿಳುಪಿನ ಮೊಗ್ಗುಗಳು ಮೆಣಸಿನ ಕಾಳಿನಷ್ಟು ದಪ್ಪ. ಅರಳುವ ಹೊತ್ತಿಗೆ ದಳಗಳೆಲ್ಲ ಒಂದುಗೂಡಿ ಸಣ್ಣದೊಂದು ಟೊಪ್ಪಿಗೆಯ ಹಾಗೆ ಕಳಚಿ ಬೀಳುವುದರಿಂದ, ಉಳಿಯುವುದು ಕೇಸರಗಳ ಒಂದು ಕುಚ್ಚು ಮಾತ್ರ. ಆ ಕುಚ್ಚಿನ ಬುಡದ ಬಟ್ಟಲಲ್ಲಿ ಮಕರಂದವೆಷ್ಟು ಧಾರಾಳವೆಂಬುದನ್ನು ತಿಳಿಯಬೇಕಾದರೆ ಸೂರ್ಯೋದಯದ ಹೊತ್ತಿಗೆ ಅಲ್ಲಿರಬೇಕು. ಹೆಜ್ಜೇನು, ತುಡುವೆ, ಕೋಲುಜೇನು, ಕಣ್ಣಿನ ಸುತ್ತ ಮುತ್ತುವ ಪುಟ್ಟ ಮುಜಂಟಿ, ಈ ನಾಲ್ಕು ಕುಲಗಳೂ ಒಂದೇ ಮರದಲ್ಲಿ ತಮ್ಮ ತಮ್ಮ ಕೊಂಬೆಗಳನ್ನು ಹಂಚಿಕೊಂಡು ದುಡಿಯುವುದನ್ನು ನಾನು ಅಲ್ಲಿ ಕಂಡಿದ್ದೇನೆ. ಆ ಮೊರೆತದಲ್ಲಿ ಪಕ್ಕದಲ್ಲಿ ನಿಂತವರ ಮಾತನ್ನು ಎರಡನೆಯ ಸಲ ಕೇಳಬೇಕಾಗುತ್ತದೆ. ಬಿಸಿಲೇರುವ ಮುನ್ನ ನೆಲದ ಮೇಲೆ ಉದುರಿದ ಕೇಸರಗಳು ಜರಡಿ ಹಿಡಿದ ಹಿಟ್ಟಿನಂತೆ ಹರಡಿರುತ್ತವೆ.

ಈ ಮರಕ್ಕೆ ಮೂಡಣ ದಿಕ್ಕಿನಲ್ಲಿ, ನಾಲ್ಕು ಮಾರು ದೂರಕ್ಕೆ, ಹಿಂದೆ ಎದೆಯೆತ್ತರವಿದ್ದ ಒಂದು ಹುತ್ತವಿದೆ. ತೆಂಕಣ ಮಗ್ಗುಲಲ್ಲಿ ಕಲ್ಲು ಕಟ್ಟಿದ ಹಳೆಯ ಬಾವಿಯಿದೆ. ಮರ, ಹುತ್ತ, ಬಾವಿ ಈ ಮೂರೂ ಹೀಗೆ ಕೂಡಿರುವುದನ್ನು ಬಾಲ್ಯದಿಂದ ಕಂಡಿದ್ದರೂ, ಅದರಲ್ಲಿ ವಿಚಾರಿಸತಕ್ಕ ವಿಷಯವೊಂದು ಇದೆಯೆಂದು ನನಗೆ ಹೊಳೆದದ್ದು ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ದಕಾರ್ಗಳವೆಂಬ ಅಧ್ಯಾಯವನ್ನು ಓದಿದ ಮೇಲೆ. ನೇರಳೆ ಮರದ ಪೂರ್ವದಲ್ಲಿ ಹತ್ತಿರದಲ್ಲಿಯೇ ಹುತ್ತವಿದ್ದರೆ, ಅದರ ದಕ್ಷಿಣ ಪಾರ್ಶ್ವದಲ್ಲಿ ಎರಡು ಪುರುಷ ಆಳದೊಳಗೆ ಸಿಹಿನೀರು ದೊರೆಯುವುದೆಂದೂ, ಅಗೆಯುವಾಗ ಅರ್ಧ ಪುರುಷದಲ್ಲಿ ಮೀನೂ, ಪಾರಿವಾಳದ ಬಣ್ಣದ ಕಲ್ಲೂ, ನೀಲಿ ಛಾಯೆಯ ಮಣ್ಣೂ ಕಾಣುವುವೆಂದೂ, ಆ ನೀರು ಬಹುಕಾಲ ಬತ್ತದೆಂದೂ ಅಲ್ಲಿ ಹೇಳಿದೆ. ಪುರುಷವೆಂದರೆ ಕೈಯೆತ್ತಿ ನಿಂತ ಮನುಷ್ಯನ ಎತ್ತರ, ಸುಮಾರು ಐದು ಮೊಳ, ಅಂದರೆ ಏಳೂವರೆ ಅಡಿ. ನಮ್ಮ ಬಾವಿಯನ್ನು ತೋಡಿಸಿದ ಹಿರಿಯರಿಗೆ ಸಂಸ್ಕೃತ ತಿಳಿದಿರಲಿಲ್ಲ. ಆದರೂ ಅವರು ತೋಡಿಸಿದ್ದು ಗ್ರಂಥ ಹೇಳಿದ ಜಾಗದಲ್ಲಿಯೇ. ಹೀಗೆ ಗ್ರಂಥದಲ್ಲಿಯೂ ಊರಿನಲ್ಲಿಯೂ ಬೇರೆ ಬೇರೆಯಾಗಿ ಉಳಿದುಬಂದ ಈ ಒಂದು ನೋಟದ ಇತಿಹಾಸವೇ ಈ ಬರಹದ ವಿಷಯ.

ಕ್ರಿಸ್ತಶಕ ಆರನೆಯ ಶತಮಾನದಲ್ಲಿ ಅವಂತಿಯಲ್ಲಿದ್ದ ವರಾಹಮಿಹಿರನು ಜ್ಯೋತಿಷಿಯೆಂದು ಪ್ರಖ್ಯಾತನಾದವನು; ಆದರೆ ಆತನ ಬೃಹತ್ಸಂಹಿತೆಯು ಗ್ರಹಗತಿಯಿಂದ ಹಿಡಿದು ಮನೆ, ವಜ್ರಲೇಪ, ಸುಗಂಧ, ಪಶುಲಕ್ಷಣಗಳವರೆಗೆ ಹಬ್ಬಿದ ಒಂದು ಲೋಕಜ್ಞಾನದ ಭಂಡಾರ. ದಕವೆಂದರೆ ಉದಕ, ಅರ್ಗಳವೆಂದರೆ ಅಗುಳಿ. ನೆಲವು ನೀರಿನ ಮೇಲೆ ಹಾಕಿಕೊಂಡಿರುವ ಅಗುಳಿಯನ್ನು ತೆಗೆಯುವ ವಿದ್ಯೆ ಎಂಬ ಈ ಹೆಸರೇ ಎಷ್ಟು ಸೊಗಸಾಗಿದೆ! ನೂರಕ್ಕೂ ಮಿಕ್ಕ ಶ್ಲೋಕಗಳ ಈ ಅಧ್ಯಾಯವು ತನ್ನದೇ ಸ್ವತಂತ್ರ ಶೋಧವೆಂದು ಆತನು ಹೇಳಿಕೊಳ್ಳುವುದಿಲ್ಲ. ಮೊದಲು ಸಾರಸ್ವತನ ಮತವನ್ನೂ ಅನಂತರ ಮನುವಿನ ಮತವನ್ನೂ ಸಂಗ್ರಹಿಸುತ್ತಿರುವುದಾಗಿ ತಿಳಿಸುತ್ತಾನೆ. ಆದುದರಿಂದ ಈ ತಿಳಿವಳಿಕೆ ಆತನ ಕಾಲಕ್ಕೇ ಹಳೆಯದಾಗಿತ್ತು.

ಮನುಷ್ಯನ ಶರೀರದಲ್ಲಿ ನಾಡಿಗಳಿರುವಂತೆ ಭೂಮಿಯಲ್ಲಿಯೂ ಮೇಲೆ ಕೆಳಗೆ ಶಿರೆಗಳಿವೆ ಎಂಬ ಕಲ್ಪನೆಯಿಂದ ಆ ಪ್ರಕರಣ ಪ್ರಾರಂಭವಾಗುತ್ತದೆ. ಆಕಾಶದಿಂದ ಬೀಳುವಾಗ ನೀರಿಗೆ ಒಂದೇ ಬಣ್ಣ, ಒಂದೇ ರುಚಿ. ನೆಲದ ಭೇದದಿಂದ ಅದು ನಾನಾ ವರ್ಣ, ನಾನಾ ರಸವಾಗುತ್ತದೆ. ಇಂದ್ರ, ಅಗ್ನಿ, ಯಮ ಮೊದಲಾದ ದಿಕ್ಪಾಲಕರ ಹೆಸರಿನ ಎಂಟು ಶಿರೆಗಳು, ನಡುವೆ ಒಂಬತ್ತನೆಯದಾದ ಮಹಾಶಿರೆ, ಇವುಗಳಿಂದ ಕವಲೊಡೆದ ನೂರಾರು ಸಣ್ಣ ಶಿರೆಗಳು. ನಾಲ್ಕು ಮುಖ್ಯ ದಿಕ್ಕುಗಳವು ಶುಭ, ಮೂಲೆಗಳವು ಶುಭವಲ್ಲ. ಇಷ್ಟೇ ಆಗಿದ್ದರೆ ಇದೊಂದು ಶಕುನಶಾಸ್ತ್ರವಾಗಿ ನಿಂತುಬಿಡುತ್ತಿತ್ತು. ಆದರೆ ಮುಂದಿನ ಶ್ಲೋಕಗಳಲ್ಲಿ ಆತನು ದಿಕ್ಪಾಲಕರನ್ನು ಬಿಟ್ಟು ಮರದ ಬುಡಕ್ಕೆ ಬರುತ್ತಾನೆ. ನೀರಿಲ್ಲದ ಸೀಮೆಯಲ್ಲಿ ಬೆತ್ತದ ಪೊದೆ ಬೆಳೆದಿದ್ದರೆ ಅದರ ಪಶ್ಚಿಮಕ್ಕೆ ಮೂರು ಮೊಳ ಸರಿದು ಒಂದೂವರೆ ಪುರುಷ ತೋಡಬೇಕು. ಬಿಳಿಚಿದ ಕಪ್ಪೆ, ಹಳದಿ ಮಣ್ಣು, ಪದರ ಪದರವಾಗಿ ಬಿಡುವ ಕಲ್ಲು ಕಂಡರೆ ಕೆಳಗೆ ನೀರಿದೆ. ಒಂದು ಮರದ ಒಂದೇ ಕೊಂಬೆ ನೆಲದತ್ತ ಬಾಗಿದ್ದರೆ, ಅಥವಾ ಬಿಳಿಚಿಕೊಂಡಿದ್ದರೆ, ಅದರ ಅಡಿಯಲ್ಲಿ ಮೂರು ಪುರುಷಕ್ಕೆ ನೀರು. ಹೊಲದ ಒಂದು ತುಂಡಿನಲ್ಲಿ ಮಾತ್ರ ಪೈರು ಮೊಳೆತು ಸಾಯುತ್ತಿದ್ದರೆ, ಅಥವಾ ಅತಿಯಾಗಿ ಸೊಕ್ಕಿ ಮಿರುಗುತ್ತಿದ್ದರೆ, ಎರಡು ಪುರುಷದಲ್ಲಿ ಮಹಾಶಿರೆ. ಮರುಭೂಮಿಯ ಶಿರೆಗಳಾದರೋ ಒಂಟೆಯ ಕತ್ತಿನಂತೆ ಬಾಗಿ ಆಳಕ್ಕಿಳಿದಿರುತ್ತವೆ. ಈ ಉಪಮಾನವನ್ನು ಗ್ರಂಥಾಲಯದಲ್ಲಿ ಕುಳಿತು ಕಟ್ಟಲಾಗದು. ಒಂಟೆಯ ಹಿಂದೆ ಮರಳಿನಲ್ಲಿ ನಡೆದವನಿಗೆ ಮಾತ್ರ ಅದು ಹೊಳೆಯಬಲ್ಲದು.

ಹೂವಿನ ವಿಷಯವಾಗಿ ಆತನು ಕೊಡುವ ಲಕ್ಷಣಗಳು ನನಗೆ ವಿಶೇಷವಾಗಿ ಪ್ರಿಯವಾದುವು. ಯಾವ ಮರದ ಹೂವಾಗಲಿ ಹಣ್ಣಾಗಲಿ ಸ್ವಭಾವ ತಪ್ಪಿ ವಿಕಾರಗೊಂಡಿರುವುದೋ, ಅದರ ಪೂರ್ವಕ್ಕೆ ಮೂರು ಮೊಳದಲ್ಲಿ, ನಾಲ್ಕು ಪುರುಷದ ಕೆಳಗೆ, ಶಿರೆಯಿರುತ್ತದೆ. ಮುಳ್ಳಿಲ್ಲದ ಕಂಟಕಾರಿ ಬಿಳಿಯ ಹೂವು ಬಿಟ್ಟಿದ್ದರೆ ಮೂರೂವರೆ ಪುರುಷದಲ್ಲಿ ನೀರು. ಬಿಳಿಯ ಹೂವಿನ ಮುತ್ತುಗವೂ ಹಾಗೆಯೇ ನೀರಿನ ಸೂಚಕ. ಇವನ್ನು ಬರೆದವನು, ಅಥವಾ ಬರೆದವನಿಗೆ ಹೇಳಿದವನು, ವಸಂತದಲ್ಲಿ ಕಾಡಂಚನ್ನು ಹಾದುಹೋಗುವಾಗ ಸಾವಿರ ಕೆಂಪು ಮುತ್ತುಗಗಳ ನಡುವೆ ಬೆಳ್ಳಗಿರುವ ಒಂದನ್ನು ಗುರುತಿಸಿ ನಿಂತವನಾಗಿರಬೇಕು. ಲಕ್ಷಣ ಸುಳ್ಳಾದರೂ ಆ ನಿಲುವು ದೊಡ್ಡದು.

ಈ ಅಧ್ಯಾಯದ ಬೆನ್ನಿಗೇ ವೃಕ್ಷಾಯುರ್ವೇದದ ಅಧ್ಯಾಯ ಬರುತ್ತದೆ. ದಡದಲ್ಲಿ ನೆರಳಿಲ್ಲದ ಜಲಾಶಯ ಶೋಭಿಸದು, ಆದಕಾರಣ ಅದರ ದಂಡೆಯಲ್ಲಿ ತೋಟವನ್ನು ಬೆಳೆಸಬೇಕು ಎಂದು ಅದು ತೊಡಗುತ್ತದೆ. ಮರದಿಂದ ಮರಕ್ಕೆ ಇಪ್ಪತ್ತು ಮೊಳದ ಅಂತರ ಉತ್ತಮ, ಹದಿನಾರು ಮಧ್ಯಮ, ಹನ್ನೆರಡು ಅಧಮ. ಕಿತ್ತು ನೆಡುವ ಗಿಡಕ್ಕೆ ಬೇರಿನಿಂದ ಕಾಂಡದವರೆಗೆ ತುಪ್ಪ, ಲಾವಂಚ, ಎಳ್ಳು, ಜೇನು, ವಾಯುವಿಳಂಗ, ಹಾಲು, ಸಗಣಿ ಇವುಗಳ ಲೇಪನ. ಹೀಗೆ ನೆಲದಡಿಯ ನೀರನ್ನು ಮರ ತೋರಿಸುತ್ತದೆ. ಆ ನೀರು ಮರವನ್ನು ಸಾಕುತ್ತದೆ. ಮರದ ಹೂವಿನ ಜೇನು ತಿರುಗಿ ಸಸಿಯ ಬೇರಿಗೆ ಲೇಪವಾಗುತ್ತದೆ.

ಇದು ಕನ್ನಡಕ್ಕೆ ಬಂದ ಬಗೆಯನ್ನು ಇಲ್ಲಿ ಹೇಳದಿರಲಾಗದು. ಕಲ್ಯಾಣದ ಚಾಳುಕ್ಯ ಚಕ್ರವರ್ತಿ ಇಮ್ಮಡಿ ಜಯಸಿಂಹನ ಆಶ್ರಯದಲ್ಲಿದ್ದ ಚಾವುಂಡರಾಯನು, ಸುಮಾರು 1025ರಲ್ಲಿ, ಲೋಕೋಪಕಾರವೆಂಬ ಗ್ರಂಥವನ್ನು ಕನ್ನಡದಲ್ಲಿ ರಚಿಸಿದನು. ಈತನು ಗೊಮ್ಮಟನನ್ನು ಕಡೆಯಿಸಿದ ಚಾವುಂಡರಾಯನಲ್ಲ. ಅವನಿಗೆ ಒಂದು ತಲೆಮಾರು ಈಚಿನವನು. ಜ್ಯೋತಿಷ, ವಾಸ್ತು, ಉದಕಾರ್ಗಳ, ವೃಕ್ಷಾಯುರ್ವೇದ, ಸುಗಂಧದ್ರವ್ಯ, ಪಾಕಶಾಸ್ತ್ರ, ನರವೈದ್ಯ, ವಿಷವೈದ್ಯ ಹೀಗೆ ಒಬ್ಬ ಗೃಹಸ್ಥನಿಗೆ ಬಾಳುವೆಯಲ್ಲಿ ಬೇಕಾದುದೆಲ್ಲವೂ ಅದರಲ್ಲಿ ಅಡಕವಾಗಿವೆ. ಪಂಪ ರನ್ನರ ಕಾವ್ಯವೈಭವದ ಮುಂದೆ ಇಂಥ ಗ್ರಂಥವನ್ನು ನಮ್ಮ ಸಾಹಿತ್ಯ ಚರಿತ್ರೆಗಳು ಅರ್ಧ ಪುಟದಲ್ಲಿ ದಾಟಿಹೋಗುವುದು ವಾಡಿಕೆಯಾಗಿದೆ. ನನಗಾದರೋ ಹತ್ತನೆಯ ಹನ್ನೊಂದನೆಯ ಶತಮಾನಗಳ ಕನ್ನಡವು ಬಾವಿ ತೋಡುವವನಿಗೂ ಸಸಿ ನೆಡುವವನಿಗೂ ಬಾಯಾಗಿತ್ತೆಂಬುದು ಕಾವ್ಯದ ಹೆಮ್ಮೆಗೆ ಕಡಿಮೆಯಾದ ಹೆಮ್ಮೆಯಲ್ಲ. ಅದು ಕಲ್ಯಾಣದ ಸೀಮೆಯಲ್ಲಿ ಹುಟ್ಟಿದ್ದಕ್ಕೆ ನೆಲದ ಕಾರಣವೂ ಉಂಟು. ವರ್ಷಪೂರ್ತಿ ತುಂಬಿ ಹರಿಯುವ ನದಿ ದೂರ, ಮಳೆ ಅಲ್ಪ, ಕೆಳಗೆ ಕರಿಯ ಕಲ್ಲು. ಅಲ್ಲಿ ನೀರನ್ನು ಹುಡುಕಲರಿಯದವನು ಊರು ಕಟ್ಟಲಾರ. ಒಂದು ಶತಮಾನ ಕಳೆದ ಮೇಲೆ ಅದೇ ವಂಶದ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ಬರೆದ ಮಾನಸೋಲ್ಲಾಸದಲ್ಲಿಯೂ ಉದ್ಯಾನಕ್ಕೂ ವೃಕ್ಷಪೋಷಣೆಗೂ ಸ್ಥಳವಿದೆ. ಬಹಮನಿಯವರ ಕಾಲಕ್ಕೆ ಬೀದರಿನ ನೌಬಾದಿನಲ್ಲಿ ನೆಲದೊಳಗೆ ಕಾಲುವೆಯನ್ನು ಕೊರೆದು, ಅದರ ಗುಂಟ ಗಾಳಿಬಾವಿಗಳ ಸಾಲನ್ನು ತೋಡಿದ ಕರೇಜ್ ಎಂಬ ಪಾರಸೀಕ ಪದ್ಧತಿ ಅದೇ ಬಯಲಿಗೆ ಬಂದಿತು.

ಇನ್ನು, ಈ ಲಕ್ಷಣಗಳಲ್ಲಿ ನಿಜವೆಷ್ಟು ಎಂಬ ಪ್ರಶ್ನೆ. ಮೀನಿನ ಮಾತನ್ನೂ ಮೂಲೆಯ ಶಿರೆ ಅಶುಭವೆಂಬ ಮಾತನ್ನೂ ನಾನು ನಂಬಲಾರೆ. ಆದರೆ ಹುತ್ತದ ಮಾತನ್ನು ಹಾಗೆ ತಳ್ಳಿಹಾಕಲಾಗದು. ಗೆದ್ದಲಿನ ಮೈ ಮೆದು. ಒಣ ಗಾಳಿಯಲ್ಲಿ ಅದು ಬದುಕದು. ಅದರ ಗೂಡಿನೊಳಗೆ ತೇವ ಸದಾ ಇರಬೇಕು. ಅದಕ್ಕಾಗಿಯೇ ಗೆದ್ದಲುಗಳು ಸುರಂಗ ಕೊರೆದು ಕೆಳಗಿನ ಒದ್ದೆ ಮಣ್ಣನ್ನು ಕಣಕಣವಾಗಿ ಮೇಲಕ್ಕೆ ಹೊರುತ್ತವೆ. ಬೇಸಗೆಯ ನಡುವಿನಲ್ಲಿ ಹುತ್ತದ ನೆತ್ತಿಗೆ ಹಸಿಮಣ್ಣಿನ ಹೊಸ ತೇಪೆ ಬಿದ್ದಿರುವುದನ್ನು ತೋಟಕ್ಕೆ ಹೋಗುವವರೆಲ್ಲ ಕಂಡಿರಬಹುದು. ಕೈಯಿಂದ ಮುಟ್ಟಿದರೆ ಅದು ತಣ್ಣಗಿರುತ್ತದೆ. ಆ ತೇವ ಎಲ್ಲಿಂದಲೋ ಬರಬೇಕಷ್ಟೆ. ಅತ್ತಿ, ನೇರಳೆ, ಬೆತ್ತ ಇವು ಕಾಲಡಿಯಲ್ಲಿ ನೀರಿರುವ ಕಡೆ ಚೆನ್ನಾಗಿ ಬರುವ ಗಿಡಗಳೆಂಬುದು ಹಳ್ಳದ ಗುಂಟ ನಡೆದವರಿಗೆಲ್ಲ ತಿಳಿದ ವಿಷಯ. ತಿರುಪತಿಯ ಶ್ರೀ ವೆಂಕಟೇಶ್ವರ ವಿಶ್ವವಿದ್ಯಾಲಯದ ಭೂವಿಜ್ಞಾನಿ ಇ. ಎ. ವಿ. ಪ್ರಸಾದ್ ಅವರು ಬೃಹತ್ಸಂಹಿತೆಯ ಈ ಅಧ್ಯಾಯವನ್ನೇ ಹಿಡಿದು, ಗಿಡಮರ ಹುತ್ತಗಳಿಗೂ ಅಂತರ್ಜಲಕ್ಕೂ ಇರುವ ಸಂಬಂಧವನ್ನು ಪರಿಶೀಲಿಸಿ, 1980ರಲ್ಲಿ ಗ್ರಂಥವನ್ನು ಪ್ರಕಟಿಸಿದರು.

ಶಿರೆ ಎಂಬ ಮಾತೂ ಬರಿಯ ಕವಿಕಲ್ಪನೆಯಲ್ಲ. ನಮ್ಮ ನಾಡಿನ ಬಹುಭಾಗದ ಅಡಿಯಲ್ಲಿರುವುದು ಕಣಶಿಲೆ, ಪಟ್ಟೆಶಿಲೆ. ಈ ಶಿಲೆಗಳೊಳಗೆ ಮರಳಿನೊಳಗಿರುವಂತೆ ನೀರು ಎಲ್ಲೆಡೆಯೂ ಹರಡಿರುವುದಿಲ್ಲ. ಮೇಲಿನ ಶಿಥಿಲವಾದ ಪದರದಲ್ಲಿ ನಿಂತು, ಕೆಳಗಿನ ಬಿರುಕುಗಳಲ್ಲಿ ಹರಿಯುತ್ತದೆ. ಆ ಬಿರುಕುಗಳು ಗೆರೆಗಳಾಗಿ ಸಾಗುತ್ತವೆ; ಅವುಗಳಿಗೆ ಅಡ್ಡಲಾಗಿ ಕರಿಯ ಕಲ್ಲಿನ ಗೋಡೆ ಎದ್ದಿದ್ದರೆ ಅದರ ಒಂದು ಮಗ್ಗುಲಲ್ಲಿ ನೀರು ತಡೆದು ನಿಲ್ಲುತ್ತದೆ. ಬೇಸಗೆಯಲ್ಲಿ ಒಣಗಿದ ಬಯಲಿನ ನಡುವೆ ಹಸುರು ಮರಗಳು ಯಾರೂ ನೆಡದೆ ಸಾಲಾಗಿ ನಿಂತಿರುವುದನ್ನು ಕಂಡರೆ, ಈಗಿನ ಭೂವಿಜ್ಞಾನಿಯೂ ಅಲ್ಲಿ ಗೆರೆಯೊಂದನ್ನು ಗುರುತುಹಾಕಿಕೊಳ್ಳುತ್ತಾನೆ. ಊರಿನವರು ಇದನ್ನು ಸೆಲೆಯೆನ್ನುತ್ತಾರೆ. ಕೆಲವರು ನೀರಿನ ನರವೆನ್ನುತ್ತಾರೆ.

ಗ್ರಂಥದ ನೆರವಿಲ್ಲದೆ ಈ ನೋಟ ಉಳಿದುಬಂದ ಸ್ಥಳವನ್ನು ಕಾಣಬೇಕಾದರೆ ದಕ್ಷಿಣ ಕನ್ನಡ ಕಾಸರಗೋಡುಗಳ ಜಂಬಿಟ್ಟಿಗೆ ಗುಡ್ಡಗಳಿಗೆ ಹೋಗಬೇಕು. ಅಲ್ಲಿ ಅಡಿಕೆ ತೋಟವನ್ನು ಸಾಕುವುದು ಸುರಂಗ. ಗುಡ್ಡದ ಪಕ್ಕೆಗೆ ಒಬ್ಬನೇ ನುಗ್ಗುವಷ್ಟು ಅಗಲಕ್ಕೆ, ಆಳೆತ್ತರಕ್ಕೆ, ಅಡ್ಡಡ್ಡವಾಗಿ ಕೊರೆದುಕೊಂಡು ಹೋಗುವ ಈ ಗುಹೆಗಳನ್ನು ಅಗೆಯುವವರು ಉದ್ದವನ್ನು ಕೋಲಿನ ಲೆಕ್ಕದಲ್ಲಿ ಅಳೆಯುತ್ತಾರೆ; ಒಂದು ಕೋಲೆಂದರೆ ಸುಮಾರು ಎರಡೂವರೆ ಅಡಿ. ಒಳಗೆ ದೀಪದ ಕುಡಿ ಸಣ್ಣಗಾದರೆ ಉಸಿರಿಗೆ ಗಾಳಿ ಸಾಲದೆಂದು ತಿಳಿದು ಹೊರಕ್ಕೆ ಬರಬೇಕು. ಸುರಂಗ ತೋಡುವವರು ಎಲ್ಲಿ ಮೊದಲ ಗುದ್ದಲಿ ಹಾಕಬೇಕೆಂಬುದನ್ನು ನಿರ್ಧರಿಸುವಾಗ ಧೂಪದ ಮರ, ಬಸರಿ, ಉಪ್ಪಳಿಗೆ, ಹುತ್ತ ಇವುಗಳನ್ನು ನೋಡುತ್ತಾರೆ. ಮಣ್ಣು ಒದ್ದೆಯಾಗುತ್ತ, ಬಣ್ಣ ಬದಲಾಗುತ್ತ, ಕೊನೆಗೆ ಗೋಡೆಯ ಒಂದು ಕಣ್ಣಿನಿಂದ ನೀರು ಜಿನುಗಿದಾಗ, ಅದನ್ನು ಅಡಿಕೆಯ ಹಾಳೆಯಲ್ಲಿಯೋ ಮಣ್ಣಿನ ತೋಡಿನಲ್ಲಿಯೋ ಹೊರಗೆ ತಂದು ಕೆರೆಗೆ ಬಿಡುತ್ತಾರೆ. ಯಂತ್ರವಿಲ್ಲ, ಎತ್ತುವ ಶ್ರಮವಿಲ್ಲ. ನೀರು ತಾನಾಗಿಯೇ ತೋಟಕ್ಕಿಳಿಯುತ್ತದೆ. ಆರನೆಯ ಶತಮಾನದ ಅವಂತಿಯ ಪಂಡಿತನೂ ಇಪ್ಪತ್ತನೆಯ ಶತಮಾನದ ಸುರಂಗದ ಕೆಲಸಗಾರನೂ ಒಬ್ಬರನ್ನೊಬ್ಬರು ಅರಿಯದೆ ಒಂದೇ ಹುತ್ತದ ಮುಂದೆ ನಿಂತಿದ್ದಾರೆ.

ದಕಾರ್ಗಳದ ಅಧ್ಯಾಯದಲ್ಲೆಲ್ಲಿಯೂ ನೀರು ಹುಡುಕಲು ಕೈಯಲ್ಲಿ ಹಿಡಿಯುವ ಕವೆಗೋಲಿನ ಮಾತಿಲ್ಲ ಎಂಬುದನ್ನು ಓದುಗರು ಗಮನಿಸಬೇಕೆಂದು ಕೋರುತ್ತೇನೆ. ಮರ, ಹುಲ್ಲು, ಹುತ್ತ, ಕಪ್ಪೆ, ಮಣ್ಣಿನ ಬಣ್ಣ, ನೆಲದ ಸದ್ದು ಎಲ್ಲವೂ ಹೊರಗಿನ ಸಾಕ್ಷಿಗಳು. ರೋಮಿನ ವಿಟ್ರೂವಿಯಸ್ ಎಂಬ ಶಿಲ್ಪಿಯೂ ಕ್ರಿಸ್ತಪೂರ್ವ ಮೊದಲನೆಯ ಶತಮಾನದಲ್ಲಿ ಹೇಳಿದ್ದು ಇದನ್ನೇ: ಸೂರ್ಯೋದಯಕ್ಕೆ ಮೊದಲು ನೆಲಕ್ಕೆ ಗಲ್ಲವೂರಿ ಬೋರಲು ಮಲಗಿ, ಎಲ್ಲಿ ಆವಿ ಸುರುಳಿಯಾಗಿ ಏಳುವುದೋ ಅಲ್ಲಿ ತೋಡಬೇಕು, ಜೊಂಡು, ಲಾಳ ಮೊದಲಾದ ನೀರಿನ ಗಿಡಗಳನ್ನು ನೋಡಬೇಕು. ಕವೆಗೋಲು ಬರುವುದು ಬಹಳ ಈಚೆಗೆ, ಜರ್ಮನಿಯ ಗಣಿಗಾರರಲ್ಲಿ. 1556ರಲ್ಲಿ ಪ್ರಕಟವಾದ ಅಗ್ರಿಕೋಲನ ಗಣಿಶಾಸ್ತ್ರದಲ್ಲಿ, ಕವಲು ಕಡ್ಡಿಯನ್ನು ಹಿಡಿದು ಗುಡ್ಡದ ಮೇಲೆ ನಡೆಯುವವರ ಚಿತ್ರವೇ ಇದೆ. ಬೆಳ್ಳಿಗೆ ಒಂದು ಮರದ ಕಡ್ಡಿ, ತಾಮ್ರಕ್ಕೆ ಇನ್ನೊಂದು ಎಂಬ ನಂಬಿಕೆಯನ್ನು ವಿವರಿಸಿ, ವಿವೇಕಿಯಾದ ಗಣಿಗಾರನಿಗೆ ಅದು ಬೇಡ, ನೆಲದ ಸಹಜ ಲಕ್ಷಣಗಳೇ ಸಾಕು ಎಂದು ಅಗ್ರಿಕೋಲನು ತೀರ್ಮಾನಿಸುತ್ತಾನೆ. ನಮ್ಮ ದೇಶದಲ್ಲಿ 1920ರ ದಶಕದ ಉತ್ತರಾರ್ಧದಲ್ಲಿ ಬ್ರಿಟಿಷ್ ಸರ್ಕಾರವೇ ಮೇಜರ್ ಪಾಗ್ಸನ್ ಎಂಬ ಸೇನಾಧಿಕಾರಿಯನ್ನು ಜಲಶೋಧಕನನ್ನಾಗಿ ನೇಮಿಸಿ, ಬಾವಿಗಳಿಗೆ ಜಾಗ ತೋರಿಸುತ್ತ ತಿರುಗಾಡಲು ಕಳುಹಿಸಿತ್ತು.

ಈಗ ನಮ್ಮ ಹಳ್ಳಿಗಳಲ್ಲಿ ಕೊಳವೆಬಾವಿ ಕೊರೆಸುವ ಮುನ್ನ ಪಾಯಿಂಟ್ ನೋಡಿಸುವುದು ಮದುವೆಗೆ ಮುಹೂರ್ತ ನೋಡಿಸಿದಷ್ಟೇ ಸಹಜವಾಗಿದೆ. ನಮ್ಮ ತೋಟಕ್ಕೂ ಒಬ್ಬ ಹಿರಿಯರು ಬಂದಿದ್ದರು. ಚಪ್ಪಲಿಯನ್ನು ಬದುವಿನ ಮೇಲೆ ಬಿಟ್ಟು, ಬೇವಿನ ಹಸಿ ಕವೆಯೊಂದನ್ನು ಮುರಿದು, ಎರಡು ಕವಲುಗಳನ್ನು ಅಂಗೈ ಮೇಲಾಗಿ ಹಿಡಿದು, ಹೊರಕ್ಕೆ ಬಗ್ಗಿಸಿ, ಪಡುವಣದಿಂದ ಮೂಡಣಕ್ಕೆ ನಿಧಾನವಾಗಿ ನಡೆದರು. ಒಂದೆಡೆ ಕಡ್ಡಿ ತಟಕ್ಕನೆ ಕೆಳಕ್ಕೆ ತಿರುಗಿತು. ಬಳಿಕ ಅಲ್ಲಿಯೇ ಅಂಗೈ ಮೇಲೆ ಸುಲಿದ ತೆಂಗಿನಕಾಯಿಯನ್ನು ಜುಟ್ಟು ಮುಂದಾಗಿ ಮಲಗಿಸಿಕೊಂಡು ಬಂದಾಗ ಅದು ನಿಮಿರಿ ನಿಂತಿತು. ಅವರ ಮುಖದ ಬೆವರೂ ಮೊಣಕೈಯ ನಡುಕವೂ ನಟನೆಯಾಗಿರಲಿಲ್ಲ. ‘ಇಲ್ಲೇ ಗಂಗಮ್ಮ ಹರೀತಾ ಇದಾಳೆ ಸ್ವಾಮಿ, ಎರಡು ಸೆಲೆ ಕೂಡೋ ಜಾಗ’ ಎಂದು ಹೇಳಿ, ಕಲ್ಲಿಟ್ಟು, ಅರಿಸಿನ ಕುಂಕುಮ ಹಚ್ಚಿ, ತೆಂಗಿನಕಾಯಿಯನ್ನು ಅಲ್ಲಿಯೇ ಒಡೆದರು. ಕೊರೆದಾಗ ಇನ್ನೂರು ಅಡಿಯವರೆಗೆ ಬಂದುದು ಬಿಳಿಯ ಧೂಳು ಮಾತ್ರ.

ಆ ಹಿರಿಯರ ಪ್ರಾಮಾಣಿಕತೆಯಲ್ಲಿ ನನಗೆ ಅಂದೂ ಸಂದೇಹವಿರಲಿಲ್ಲ, ಇಂದೂ ಇಲ್ಲ. ಮನಸ್ಸಿನ ನಿರೀಕ್ಷೆಯು ನಮಗೇ ಅರಿವಿಲ್ಲದಂತೆ ಸ್ನಾಯುಗಳನ್ನು ಚಲಿಸಬಲ್ಲದೆಂದು ಕಾರ್ಪೆಂಟರ್ ಎಂಬ ಆಂಗ್ಲ ಶರೀರಶಾಸ್ತ್ರಜ್ಞನು 1852ರಲ್ಲಿಯೇ ತೋರಿಸಿದ್ದನು. ಬಗ್ಗಿಸಿ ಹಿಡಿದ ಕವೆಯು ಬಿಗಿದ ಬಿಲ್ಲಿನಂತೆ; ಮಣಿಕಟ್ಟು ಕೂದಲೆಳೆಯಷ್ಟು ತಿರುಗಿದರೆ ಸಾಕು, ಅದು ಹೊರಳಿಬಿಡುತ್ತದೆ. ಮ್ಯೂನಿಕ್ ನಗರದ ಬಳಿ 1987-88ರಲ್ಲಿ ಸುಮಾರು 500 ಮಂದಿಯಿಂದ ಆರಿಸಿದ 43 ಜನ ಕವೆಗಾರರನ್ನು ಕಣಜದ ಮೇಲಂತಸ್ತಿನಲ್ಲಿ ನಡೆಯಿಸಿ, ಕೆಳಗೆ ನೀರು ಹರಿಯುವ ಕೊಳವೆಯನ್ನು ಜಾಗದಿಂದ ಜಾಗಕ್ಕೆ ಸರಿಸುತ್ತ 843 ಸಲ ಪರೀಕ್ಷಿಸಿದರು. ಬಹುಮಂದಿಯ ಊಹೆ ಆಕಸ್ಮಿಕಕ್ಕಿಂತ ಮೇಲೇಳಲಿಲ್ಲ. ಆದರೂ ಕವೆಗೋಲು ಗೆದ್ದಿತು, ಹುತ್ತ ಸೋತಿತು. ಇದಕ್ಕೆ ಕಾರಣವನ್ನು ಜನರ ಮೌಢ್ಯದಲ್ಲಿ ಹುಡುಕುವುದು ನ್ಯಾಯವಲ್ಲ. ಮರವು ಹೇಳಬಲ್ಲದ್ದು ತನ್ನ ಬೇರಿಗೆ ಎಟಕುವ ನೀರಿನ ಸುದ್ದಿಯನ್ನು ಮಾತ್ರ. ವರಾಹಮಿಹಿರನ ಲೆಕ್ಕವು ಒಂದೂವರೆ ಪುರುಷ, ಎರಡು, ಮೂರು, ನಾಲ್ಕು ಎಂದು ಹೆಚ್ಚಾಗಿ ಹತ್ತಿರದಲ್ಲಿಯೇ ಸುಳಿಯುತ್ತದೆ. 1967ರಲ್ಲಿ ಯುನಿಸೆಫ್ ಸಂಸ್ಥೆಯು ಗಟ್ಟಿ ಶಿಲೆಯನ್ನು ಕೊರೆಯುವ ಯಂತ್ರಗಳನ್ನು ಬರಪರಿಹಾರಕ್ಕೆಂದು ಭಾರತಕ್ಕೆ ತಂದ ಮೇಲೆ, ಕುಡಿಯುವ ನೀರಿಗೆ ಬಂದ ಆ ವಿದ್ಯೆ ತೋಟಕ್ಕೂ ಹಬ್ಬಿ, ನೂರು ಅಡಿಗೆ ಸಿಗುತ್ತಿದ್ದ ನೀರು ಆರುನೂರಕ್ಕೆ, ಸಾವಿರಕ್ಕೆ ಇಳಿಯಿತು. ಅಷ್ಟು ಆಳದ ವಿಷಯವಾಗಿ ನೇರಳೆಗೆ ಏನೂ ತಿಳಿಯದು, ಗೆದ್ದಲಿಗೂ ತಿಳಿಯದು. ಸಾಕ್ಷಿಗಳೆಲ್ಲ ಮೂಕವಾದ ಮೇಲೆ, ಸಾಲ ಮಾಡಿ ಕೊರೆಸುವವನು ಕವೆಯನ್ನಲ್ಲದೆ ಮತ್ತೇನನ್ನು ಹಿಡಿಯಬಲ್ಲ?

ಹೂದೋಟಗಳಲ್ಲಿ ನೀರನ್ನಲ್ಲ, ಶಕ್ತಿರೇಖೆಗಳನ್ನೇ ಕವೆಗೋಲಿನಿಂದ ಹುಡುಕುವ ಪದ್ಧತಿಯೊಂದು ಇಂಗ್ಲೆಂಡಿನಲ್ಲಿದೆ. ಅದರ ಮೂಲಪುರುಷನೆಂದು ಎಣಿಸಲ್ಪಡುವ ಆಲ್‌ಫ್ರೆಡ್ ವಾಟ್ಕಿನ್ಸ್, ಸೇಬಿನ ತೋಟಗಳಿಗೆ ಹೆಸರಾದ ಹೆರೆಫರ್ಡ್ ಸೀಮೆಯವನು. ಛಾಯಾಚಿತ್ರಕಾರ, ಜೇನುಸಾಕಣೆಯನ್ನು ಬಲ್ಲವನು. ತಾನು ಕಂಡುಹಿಡಿದ ಬೆಳಕಿನ ಮಾಪಕವೊಂದಕ್ಕೆ ಜೇನುನೊಣದ ಹೆಸರನ್ನೇ ಇಟ್ಟವನು. 1921ರ ಜೂನ್ ತಿಂಗಳಿನಲ್ಲಿ ಆತನಿಗೆ ಹಳೆಯ ದಿಬ್ಬ, ನಿಲುಗಲ್ಲು, ಇಗರ್ಜಿ, ಕೊಳಗಳು ನೇರವಾದ ಗೆರೆಗಳಲ್ಲಿ ಕೂಡಿವೆಯೆಂದು ತೋರಿತು. 1925ರಲ್ಲಿ ಅದನ್ನು ಗ್ರಂಥವಾಗಿ ಪ್ರಕಟಿಸಿದನು. ಆತನ ಮತದಲ್ಲಿ ಅವು ಪುರಾತನ ವರ್ತಕರು ನಡೆದ ದಾರಿಗಳಷ್ಟೇ. ಶಕ್ತಿಯ ಸುದ್ದಿಯನ್ನು ಆತನು ಎತ್ತಲಿಲ್ಲ. ಆತನು 1935ರಲ್ಲಿ ತೀರಿಕೊಂಡ ಮೇಲೆ ಬೇರೆಯವರು ಆ ಗೆರೆಗಳಲ್ಲಿ ಭೂಶಕ್ತಿ ಹರಿಯುತ್ತದೆಂದರು. 1969ರಲ್ಲಿ ಪ್ರಕಟವಾದ ಗೈ ಅಂಡರ್‌ವುಡ್ ಮತ್ತು ಜಾನ್ ಮಿಷೆಲ್ ಇವರ ಗ್ರಂಥಗಳಿಂದ ಆ ಮತ ಪ್ರಬಲವಾಯಿತು. ರೇಖೆಯ ಮೇಲೆ ಜೇನುಗೂಡನ್ನಿಟ್ಟರೆ ಜೇನು ಹೆಚ್ಚುತ್ತದೆಂಬ ನಂಬಿಕೆಯೂ ಯೂರೋಪಿನ ಕವೆಗಾರರಲ್ಲಿ ಬಳಕೆಯಲ್ಲಿದೆ. ಹೂತೋಟದಲ್ಲಿ ಬರಿಗಾಲಲ್ಲಿ ನಡೆಯುವವನಿಗೆ ಒಂದೆಡೆ ಚಿತ್ತ ಶಾಂತವಾಗುವುದು, ಇನ್ನೊಂದೆಡೆ ಆಗದಿರುವುದು ಸುಳ್ಳೆಂದು ನಾನು ಹೇಳಲಾರೆ. ಆದರೆ ಅದನ್ನು ತಿಳಿಸಿದ್ದು ಕವೆಗೋಲಲ್ಲ, ನೆರಳು, ತಂಪು, ಹೂವಿನ ಗಂಧ.

ತೋಟದಲ್ಲಿ ಕಾಣದ ರೇಖೆಗಳು ನಿಜವಾಗಿಯೂ ಇವೆ. ಅವನ್ನು ಎಳೆಯುವವಳು ಜೇನುನೊಣ. ಮಕರಂದ ಹೊತ್ತು ಮರಳಿದ ನೊಣವು ಗೂಡಿನ ಕತ್ತಲಲ್ಲಿ, ನೆಟ್ಟಗೆ ಇಳಿಬಿದ್ದ ಎರಿಯ ಮೇಲೆ, ಹೊಟ್ಟೆಯನ್ನು ಅಲುಗಿಸುತ್ತ ಒಂದು ಗೆರೆಯಲ್ಲಿ ಓಡುತ್ತದೆ. ಆ ಗೆರೆ ನೇರವಾಗಿ ಮೇಲಕ್ಕಿದ್ದರೆ ಹೂವು ಸೂರ್ಯನ ದಿಕ್ಕಿನಲ್ಲಿದೆ. ಎಡಕ್ಕೋ ಬಲಕ್ಕೋ ಎಷ್ಟು ಓರೆಯಾದರೆ ಸೂರ್ಯನಿಂದ ಅಷ್ಟೇ ಓರೆಗೆ ಹೂವಿದೆ. ಓಟ ದೀರ್ಘವಾದಷ್ಟೂ ಹೂವು ದೂರ. ಇದನ್ನು ಬಿಡಿಸಿ ಓದಿದ ಕಾರ್ಲ್ ಫಾನ್ ಫ್ರಿಶ್ ಅವರಿಗೆ 1973ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಅವರ ಶಿಷ್ಯ ಲಿಂಡೌಯರ್ ಸಿಂಹಳಕ್ಕೆ ಬಂದು ನಮ್ಮ ಸೀಮೆಯ ಜೇನುಗಳ ನರ್ತನವನ್ನು ಅಭ್ಯಾಸ ಮಾಡಿದರು. ಬಯಲಿನಲ್ಲಿ ಗೂಡು ಕಟ್ಟುವ ಕೋಲುಜೇನು ಗೂಡಿನ ಸಮತಟ್ಟಾದ ನೆತ್ತಿಯ ಮೇಲೆ ಸೂರ್ಯನನ್ನು ಕಾಣುತ್ತಲೇ ಕುಣಿದು, ಹೂವಿನತ್ತ ನೇರವಾಗಿ ಬೆರಳು ಮಾಡಿದಂತೆ ತೋರಿಸುತ್ತದೆಂದು ಕಂಡರು. ಹೂವಿಗೂ ದುಂಬಿಗೂ ನಡುವೆ ಅತಿಸೂಕ್ಷ್ಮವಾದ ವಿದ್ಯುತ್ಕ್ಷೇತ್ರವಿದ್ದು ದುಂಬಿಯು ಅದನ್ನು ಅರಿಯಬಲ್ಲದೆಂದು 2013ರಲ್ಲಿ ಬ್ರಿಸ್ಟಲ್ ನಗರದ ವಿಜ್ಞಾನಿಗಳು ತೋರಿಸಿದ್ದಾರೆ.

ಜೇನು ನೀರನ್ನೂ ಹೊರುತ್ತದೆ. ಬೇಸಗೆಯಲ್ಲಿ ಗೂಡನ್ನು ತಂಪಾಗಿಡಲು ಅದಕ್ಕೆ ನೀರು ಬೇಕು. ಕಾಡಿನಲ್ಲಿ ಜೇನು ಹುಡುಕುವವರು ಮೊದಲು ಒರತೆಯ ಬಳಿ ಕುಳಿತು, ನೀರು ಕುಡಿದ ನೊಣ ಯಾವ ದಿಕ್ಕಿಗೆ ಹೋಗುತ್ತದೆ, ಎಷ್ಟು ಹೊತ್ತಿಗೆ ಮರಳುತ್ತದೆ ಎಂದು ನೋಡುವುದು ಬಹು ಪುರಾತನವಾದ ಉಪಾಯ. ಮೊದಲನೆಯ ಶತಮಾನದ ರೋಮಿನ ಕೃಷಿಗ್ರಂಥಕಾರ ಕೊಲುಮೆಲ್ಲನು, ನೊಣದ ಬೆನ್ನಿಗೆ ಕಾವಿಯ ಗುರುತು ಹಾಕಿ, ಮರಳುವ ಹೊತ್ತಿನಿಂದ ಗೂಡಿನ ದೂರವನ್ನು ಎಣಿಸಬೇಕೆಂದು ಬರೆದಿದ್ದಾನೆ. ಕೊಡಗಿನಲ್ಲಿ ತುಡುವೆಯನ್ನು ಪೆಟ್ಟಿಗೆಗಿಳಿಸಿ, 1930ರ ದಶಕದಲ್ಲಿ ವಿರಾಜಪೇಟೆಯಲ್ಲಿ ಜೇನು ಸಹಕಾರ ಸಂಘವನ್ನು ಕಟ್ಟಿದವರೂ ಹೂವಿನ ಪಂಚಾಂಗವನ್ನು ಬಲ್ಲವರಾಗಿದ್ದರು: ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಕಾಫಿ ಅರಳುವುದು, ಅದರ ಬಿಳುಪು ಮೂರು ನಾಲ್ಕು ದಿನಗಳಲ್ಲಿ ಮಾಸುವುದು, ಆಮೇಲೆ ನೇರಳೆಯ ಸುಗ್ಗಿ. 1991ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ದಕ್ಷಿಣ ಭಾರತದ ತುಡುವೆ ಕುಟುಂಬಗಳ ಬಹುಪಾಲನ್ನು ಅಳಿಸಿಹಾಕಿದಾಗ, ಪೆಟ್ಟಿಗೆಗಳು ಅಟ್ಟ ಸೇರಿದುವು. ಕಾಡಿನಲ್ಲಿ ಅಳಿದುಳಿದವುಗಳಿಂದ ಕುಲ ಮತ್ತೆ ಚಿಗುರಲು ವರ್ಷಗಳೇ ಹಿಡಿದುವು.

ನಮ್ಮ ನೇರಳೆಯ ಬಳಿಯ ಬಾವಿ ಹದಿನೆಂಟು ಅಡಿ ಆಳ. ಹಿಂದೆ ಯುಗಾದಿಗೆ ಅದರ ನೀರಿನಿಂದಲೇ ಬೇವಿನ ಸ್ನಾನ. ಮೆಟ್ಟಿಲ ಬದಿಯ ಪಾಚಿಯ ಮೇಲೆ ತುಡುವೆಗಳು ಸಾಲಾಗಿ ಕುಳಿತು ನೀರು ಹೀರುತ್ತಿದ್ದುವು. ಈಗ ಶಿವರಾತ್ರಿಗೇ ಅದರ ತಳದ ಬಂಡೆ ಕಾಣುತ್ತದೆ. ಹುತ್ತದ ನೆತ್ತಿಗೆ ಹಸಿಮಣ್ಣಿನ ತೇಪೆ ಬಿದ್ದು ಮೂರು ವರ್ಷಗಳಾದುವು. ಮಗ್ಗುಲುಗಳು ಮಳೆಗೆ ಕರಗಿ ಸೊಂಟದೆತ್ತರಕ್ಕೆ ಇಳಿದಿವೆ. ಮರ ಮಾತ್ರ ಈ ವರ್ಷವೂ ಹೂಬಿಟ್ಟಿತು, ಕೊಂಚ ತೆಳುವಾಗಿ. ಬೆಳಗ್ಗೆ ಎಂಟರ ಬಿಸಿಲಿಗೆ ನೊಣಗಳು ಅಲ್ಲಿಂದ ಹೊರಟು ಬಾವಿಯ ಮೇಲೆಯೇ ಹಾದು ಅಡಿಕೆಯ ಸಾಲಿನೊಳಕ್ಕೆ ಒಂದೇ ಗೆರೆಯಲ್ಲಿ ಹೋಗುವುದನ್ನು ಕಂಡು ಹಿಂಬಾಲಿಸಿದೆ. ಆರುನೂರು ಅಡಿಯ ಕೆಳಗಿನಿಂದ ನೀರು ತರುವ ಹನಿ ನೀರಾವರಿಯ ಕರಿಯ ಕೊಳವೆ ಅಲ್ಲಿ ಒಂದು ಕೀಲಿನಲ್ಲಿ ಸೋರುತ್ತಿತ್ತು. ಅಂಗೈಯಗಲದ ಆ ಒದ್ದೆ ಮಣ್ಣಿನ ಸುತ್ತ ಮೂವತ್ತು ನಲವತ್ತು ತುಡುವೆಗಳು ರೆಕ್ಕೆ ಮಡಿಸಿ, ತಲೆಯೊಳಗಾಗಿ, ವೃತ್ತವಾಗಿ ಕುಳಿತು ಕುಡಿಯುತ್ತಿದ್ದುವು. ಕೀಲನ್ನು ಬಿಗಿಮಾಡಲೆಂದು ಕೈಯಲ್ಲಿ ಹಿಡಿದು ಬಂದಿದ್ದ ಇಕ್ಕಳವನ್ನು ಜೇಬಿಗೆ ಹಾಕಿಕೊಂಡು ನಾನು ಹಿಂದಿರುಗಿದೆ.